ಗೂಡಿನ ಎಳೆ, ಗೂಡಿನ ಅಂಟು: ರೇಷ್ಮೆ ಪ್ರೋಟೀನುಗಳ ಬಳಕೆ

ಹಣ್ಣಾದ ರೇಷ್ಮೆ ಹುಳು ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಬಿದ್ದು ಎರಡು ಮೂರು ದಿನ ತಲೆಯಾಡಿಸುತ್ತ ತನ್ನ ಸುತ್ತ ಕಟ್ಟಿಕೊಳ್ಳುವ ಗೂಡಿನಲ್ಲಿ ಮುಖ್ಯವಾಗಿ ಎರಡು ಪ್ರೋಟೀನುಗಳಿವೆ. ತೂಕದಲ್ಲಿ ಮುಕ್ಕಾಲು ಪಾಲಿನಷ್ಟಿರುವುದು ಎಳೆಯ ತಿರುಳಾದ ಫೈಬ್ರೋಯಿನ್. ಉಳಿದ ಕಾಲುಪಾಲಿನ ಆಸುಪಾಸಿನಲ್ಲಿರುವುದು ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಗೂಡಿಗೆ ಬಿಗಿ ಕೊಡುವ ಸೆರಿಸಿನ್. ಸೀರೆ ನೇಯುವವರಿಗೆ ಮೊದಲನೆಯದೇ ಮಾಲು. ಎರಡನೆಯದು ಸೋಪಿನ ನೀರಿನಲ್ಲಿ ಕುದಿಸಿ ಕಳೆಯಬೇಕಾದ ಗೋಂದು. ಕಳೆದ ಕೆಲವು ದಶಕಗಳಲ್ಲಿ ಇವೆರಡಕ್ಕೂ ಮಗ್ಗದ ಆಚೆ ಕೆಲಸ ಸಿಕ್ಕಿದೆ. ಶ್ಯಾಂಪೂ ಮತ್ತು ಮುಖದ ಕ್ರೀಮುಗಳಲ್ಲಿ, ಗಾಯದ ಪಟ್ಟಿಗಳಲ್ಲಿ, ಮೂಳೆ ತುಂಬುವ ಹಂದರಗಳಲ್ಲಿ, ಲಸಿಕೆ ಕೆಡದಂತೆ ಇಡುವ ಪ್ರಯೋಗಗಳಲ್ಲಿ ಇವನ್ನು ಬಳಸುತ್ತಾರೆ. ಎಲ್ಲ ಕಡೆಯೂ ಕೇಳಿಬರುವ ಹೆಸರು ಮಾತ್ರ ಒಂದೇ, ರೇಷ್ಮೆ ಪ್ರೋಟೀನ್. ಈ ಒಂದು ಹೆಸರೇ ಅರ್ಧ ಗೊಂದಲದ ಮೂಲ. ಗೂಡಿನಿಂದ ಬಂದದ್ದು ಎಂಬುದರಿಂದ ವಸ್ತುವಿನ ಗುಣ ನಿಶ್ಚಯವಾಗುವುದಿಲ್ಲ. ಎರಡರಲ್ಲಿ ಯಾವ ಪ್ರೋಟೀನು, ಅದರ ಸರಪಳಿ ಎಷ್ಟು ಉದ್ದ ಉಳಿದಿದೆ, ಹೇಗೆ ಮಡಿಚಿಕೊಂಡಿದೆ, ಜೊತೆಗೆ ಏನು ಬೆರೆತಿದೆ ಎಂಬುದರಿಂದ ನಿಶ್ಚಯವಾಗುತ್ತದೆ. ಒಂದು ರೂಪದ ಬಗ್ಗೆ ಸಿಕ್ಕ ಪುರಾವೆಯನ್ನು ಇನ್ನೊಂದು ರೂಪದ ಡಬ್ಬಿಯ ಮೇಲೆ ಅಂಟಿಸಲಾಗದು ಎಂಬುದು ಈ ಲೇಖನದ ವಾದ.

ವಿಷಯ ಹಳೆಯ ಮೈಸೂರು ಸೀಮೆಗೆ ಪರದೇಶದ್ದಲ್ಲ. ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನ 18ನೇ ಶತಮಾನದ ಕೊನೆಯ ಭಾಗದಲ್ಲಿ ಹೊರಗಿನಿಂದ ಹುಳು ತರಿಸಿ ರೇಷ್ಮೆ ಸಾಕಣೆಗೆ ರಾಜ್ಯದ ಬೆಂಬಲ ಕೊಟ್ಟ. ಮೈಸೂರಿನಲ್ಲಿ 1912ರಲ್ಲಿ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ, 1961ರಲ್ಲಿ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಬಂದವು. ಮಂಡ್ಯ ಜಿಲ್ಲೆಯ ಮಳವಳ್ಳಿ, ಮದ್ದೂರುಗಳಂತೆ ನಾಗಮಂಗಲ, ಕೆ.ಆರ್. ಪೇಟೆ ಕಡೆಯೂ ಹಿಪ್ಪುನೇರಳೆ ತೋಟಗಳಿವೆ. ನಾಗಮಂಗಲದ ಕಡೆಯ ಬೆಳ್ಳೂರಿನಿಂದ ಏಷ್ಯಾದ ಅತಿ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆ ಅದೇ ದಿನ ಹೋಗಿ ಬರುವಷ್ಟು ದೂರ. ಅದೇ ಬೆಳ್ಳೂರಿನ ಪಕ್ಕದ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ಔಷಧ ವಿಜ್ಞಾನದ ಕಾಲೇಜೂ ಇದೆ. ಹುಳು ಸಾಕುವ ಮನೆಯೂ ಗಾಯಕ್ಕೆ ಪಟ್ಟಿ ಕಟ್ಟುವ ಆಸ್ಪತ್ರೆಯೂ ಒಂದೇ ಸೀಮೆಯಲ್ಲಿವೆ. ಇವೆರಡರ ನಡುವಿನ ದಾರಿ ಮಾತ್ರ ಪ್ರಯೋಗಾಲಯ, ಕಾನೂನು, ಮಾರುಕಟ್ಟೆಗಳನ್ನು ಸುತ್ತಿಕೊಂಡು ಬರುತ್ತದೆ.

ಮೊದಲು ಎಳೆಯ ಮಾತು. ಫೈಬ್ರೋಯಿನ್‌ನ ಮುಖ್ಯ ಭಾಗವಾದ ಭಾರ ಸರಪಳಿಯ ಪೂರ್ಣ ಅನುಕ್ರಮವನ್ನು 2000ದಲ್ಲಿ ಪ್ರಕಟಿಸಲಾಯಿತು. ಅದರಲ್ಲಿ 5,263 ಅಮೈನೊ ಆಮ್ಲಗಳಿವೆ; ಅಣುತೂಕ ಸುಮಾರು 3,90,000 ಡಾಲ್ಟನ್. ಇದಕ್ಕೆ ಸುಮಾರು 26,000 ಡಾಲ್ಟನ್ ತೂಗುವ ಹಗುರ ಸರಪಳಿಯೊಂದು ಜೋಡಿಯಾಗಿರುತ್ತದೆ. ಭಾರ ಸರಪಳಿಯ ಬಹುಪಾಲು ಗ್ಲೈಸಿನ್, ಅಲನೀನ್, ಸೆರೀನ್ ಎಂಬ ಪುಟ್ಟ ಅಮೈನೊ ಆಮ್ಲಗಳ ಮರುಕಳಿಕೆ. ಜಪಮಣಿಯಂತೆ ಮತ್ತೆ ಮತ್ತೆ ಅದೇ ಸರದಿ ಬರುವುದರಿಂದ ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತು ಬೀಟಾ ಹಾಳೆಗಳೆಂಬ ಹರಳುಗಳಾಗುತ್ತವೆ. ರೇಷ್ಮೆಯ ಬಲ ಈ ಹರಳುಗಳಿಂದ, ಅದರ ಬಳುಕು ಹರಳುಗಳ ನಡುವೆ ಸಡಿಲವಾಗಿ ಉಳಿದ ಭಾಗದಿಂದ. ಸೆರಿಸಿನ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಅಮೈನೊ ಆಮ್ಲಗಳಲ್ಲಿ ಮೂರನೇ ಒಂದರಷ್ಟು ಸೆರೀನ್. ಆಸ್ಪಾರ್ಟಿಕ್ ಆಮ್ಲವೂ ಸಾಕಷ್ಟಿದೆ. ಎರಡೂ ನೀರನ್ನು ಹಿಡಿಯುವಂಥವು. ಆದ್ದರಿಂದ ಸೆರಿಸಿನ್ ಬಿಸಿನೀರಿಗೆ ಕರಗುತ್ತದೆ, ಫೈಬ್ರೋಯಿನ್ ಕರಗುವುದಿಲ್ಲ. ಮೈಸೂರು ನಾಟಿ ತಳಿಯ ಗೂಡಿಗೆ ಹಸಿರು ಮಿಶ್ರಿತ ಹಳದಿ ಬಣ್ಣವಿದ್ದರೂ ಅಂಟು ತೆಗೆದ ನೂಲು ಬೆಳ್ಳಗಾಗುವುದು ಬಣ್ಣದ ಬಹುಭಾಗ ಅಂಟಿನಲ್ಲೇ ಇರುವುದರಿಂದ. ಎರಡು ಪ್ರೋಟೀನುಗಳು ಬೇರೆ ಬೇರೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಇದಕ್ಕಿಂತ ಬೇಕಿಲ್ಲ.

ಬೇರ್ಪಡಿಸುವ ಕೆಲಸದಲ್ಲೇ ಪ್ರೋಟೀನು ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಕತ್ತರಿಸಿದ ಗೂಡನ್ನು ತೆಳು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರ್ಧ ಗಂಟೆಯಷ್ಟು ಕುದಿಸಿ ಸೆರಿಸಿನ್ ತೆಗೆಯುತ್ತಾರೆ. ಉಳಿದ ನಾರನ್ನು ಗಾಢವಾದ ಲಿಥಿಯಂ ಬ್ರೋಮೈಡ್‌ನಲ್ಲಿ ಕರಗಿಸಿ, ಉಪ್ಪನ್ನು ಪೊರೆಯ ಮೂಲಕ ಸೋಸಿ ಕಳೆಯುತ್ತಾರೆ. ಕೊನೆಗೆ ಉಳಿಯುವುದು ನೀರಿನಲ್ಲಿ ಕರಗಿದ ಫೈಬ್ರೋಯಿನ್. ಕುದಿಯುವ ಹೊತ್ತು ಹೆಚ್ಚಿದಷ್ಟೂ ಸರಪಳಿಗಳು ತುಂಡಾಗುತ್ತವೆ. ಐದು ನಿಮಿಷ ಕುದಿಸಿದ್ದೂ ಒಂದು ಗಂಟೆ ಕುದಿಸಿದ್ದೂ ಒಂದೇ ಗೂಡಿನವಾದರೂ ಒಂದೇ ವಸ್ತುವಲ್ಲ. ಇನ್ನೂ ಮುಂದೆ ಹೋಗಿ ಆಮ್ಲ, ಕ್ಷಾರ ಅಥವಾ ಕಿಣ್ವಗಳಿಂದ ಒಡೆದರೆ ಕೆಲವು ನೂರರಿಂದ ಕೆಲವು ಸಾವಿರ ಡಾಲ್ಟನ್ನಿನ ಚೂರುಗಳು ಸಿಗುತ್ತವೆ. ಡಬ್ಬಿಯ ಹಿಂದೆ ‘ಹೈಡ್ರೊಲೈಸ್ಡ್ ಸಿಲ್ಕ್’ ಎಂದು ಬರೆದಿರುವುದು ಇಂಥ ಚೂರುಗಳನ್ನು. ಪೂರ್ತಿ ಒಡೆದರೆ ‘ಸಿಲ್ಕ್ ಅಮೈನೊ ಆಸಿಡ್ಸ್’. ಆ ಹಂತದಲ್ಲಿ ಅದನ್ನು ರೇಷ್ಮೆ ಎನ್ನುವುದು ಹಿಟ್ಟಿನ ರಾಶಿಯನ್ನು ಮುದ್ದೆ ಎಂದಂತೆ: ಮೂಲ ಸರಿ, ಕಟ್ಟು ಇಲ್ಲ. ಬೀಟಾ ಹಾಳೆ, ಬಲ, ಬಳುಕು ಎಲ್ಲವೂ ಸರಪಳಿಯ ಉದ್ದ ಮತ್ತು ಮಡಿಕೆಯ ಗುಣಗಳಾದ್ದರಿಂದ ಬಿಡಿ ಅಮೈನೊ ಆಮ್ಲದಲ್ಲಿ ಅವು ಉಳಿಯುವುದಿಲ್ಲ.

ಅಂದಗಾರಿಕೆಯ ಸಾಮಗ್ರಿಗಳಲ್ಲಿ ಈ ಭೇದ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಆರೋಗ್ಯವಂತ ಚರ್ಮದ ಮೇಲ್ಪದರವನ್ನು ದಾಟಿ ಒಳಹೋಗಲು ಅಣು ಸುಮಾರು 500 ಡಾಲ್ಟನ್ನಿಗಿಂತ ಚಿಕ್ಕದಿರಬೇಕು ಎಂಬ ಸ್ಥೂಲ ನಿಯಮವನ್ನು ಬೋಸ್ ಮತ್ತು ಮೈನಾರ್ಡಿ 2000ದಲ್ಲಿ ಮುಂದಿಟ್ಟರು. ಲಕ್ಷಗಟ್ಟಲೆ ಡಾಲ್ಟನ್ನಿನ ಫೈಬ್ರೋಯಿನ್ ಒಳಗೆ ಇಳಿದು ಚರ್ಮದ ಕೊಲ್ಲಾಜೆನ್‌ಗೆ ಆಸರೆಯಾಗುತ್ತದೆ ಎಂಬ ಜಾಹೀರಾತಿನ ಸೂಚನೆ ಈ ಲೆಕ್ಕದ ಮುಂದೆ ನಿಲ್ಲದು. ಒಳಗೆ ಇಳಿಯುವಷ್ಟು ಚಿಕ್ಕದಾದ ಚೂರು ಬರೀ ಕೆಲವೇ ಅಮೈನೊ ಆಮ್ಲಗಳ ತುಣುಕಾಗಿರುತ್ತದೆ. ಆ ತುಣುಕು ರೇಷ್ಮೆಯದೋ ಹೆಸರುಕಾಳಿನದೋ ಎಂದು ಚರ್ಮಕ್ಕೆ ತಿಳಿಯುವ ದಾರಿಯಿಲ್ಲ. ಹಾಗೆಂದು ಕ್ರೀಮಿನಲ್ಲಿ ರೇಷ್ಮೆ ಪ್ರೋಟೀನಿಗೆ ಕೆಲಸವೇ ಇಲ್ಲವೆಂದಲ್ಲ. ಒಳಗೆ ಹೋಗದ ಪ್ರೋಟೀನು ಮೇಲೆ ತೆಳುವಾದ ಪೊರೆಯಾಗಿ ಹರಡಿಕೊಳ್ಳುತ್ತದೆ, ನೀರು ಆವಿಯಾಗಿ ಹೋಗುವುದನ್ನು ತಡೆಯುತ್ತದೆ, ಒಣಗುವಾಗ ಸ್ವಲ್ಪ ಎಳೆದು ಹಿಡಿದು ಮೃದುವೆನಿಸುತ್ತದೆ. ಚರ್ಮ ತಾನೇ ತೇವ ಹಿಡಿದಿಡಲು ಬಳಸುವ ಸಹಜ ದ್ರವ್ಯಗಳಲ್ಲೂ ಸೆರೀನ್ ಹೆಚ್ಚಿರುವುದರಿಂದ ಸೆರಿಸಿನ್‌ಗೆ ಈ ಕೆಲಸ ಒಗ್ಗುತ್ತದೆ. ರೇಷ್ಮೆ ಪುಡಿ ಎಣ್ಣೆ ಹೀರಿ ಹೊಳಪು ತಗ್ಗಿಸುತ್ತದೆ. ಇವೆಲ್ಲ ಮೇಲ್ಮೈಯ ಉಪಕಾರಗಳು, ಮುಖ ತೊಳೆದರೆ ಹೋಗುವಂಥವು.

ಕೂದಲಿನ ವಿಷಯದಲ್ಲಿ ಜಾಹೀರಾತಿನ ಮಾತಿಗೆ ಸ್ವಲ್ಪ ಹೆಚ್ಚು ಗಟ್ಟಿ ನೆಲವಿದೆ. ಕೂದಲು ಸತ್ತ ನಾರಾದ್ದರಿಂದ ಅದನ್ನು ಪೋಷಿಸುವ ಮಾತು ಅರ್ಥವಿಲ್ಲದ್ದು, ಆದರೆ ಹೊದಿಸುವ ಮಾತಿಗೆ ಅರ್ಥವಿದೆ. ಬಣ್ಣ ಹಾಕಿ, ಬಿಸಿ ಮುಟ್ಟಿಸಿ ಸವೆದ ಕೂದಲಿನ ಮೇಲ್ಪದರದ ಸೀಳುಗಳಲ್ಲಿ ಚಿಕ್ಕ ಪೆಪ್ಟೈಡುಗಳು ಸೇರಿಕೊಳ್ಳುತ್ತವೆ, ದೊಡ್ಡವು ಮೇಲೆ ಪದರವಾಗುತ್ತವೆ; ಬಾಚಣಿಗೆಯ ತಿಕ್ಕಾಟ ಕಡಿಮೆಯಾಗುತ್ತದೆ. ಇಲ್ಲಿ ಒಡೆದ ರೇಷ್ಮೆಯೇ ಉಪಯುಕ್ತ ರೂಪ, ಉದ್ದ ಸರಪಳಿಯ ಹೆಮ್ಮೆ ಕೆಲಸಕ್ಕೆ ಬಾರದು.

ಅನುಭವವೇ ಪುರಾವೆಯಲ್ಲವೇ ಎಂಬ ಆಕ್ಷೇಪ ಈ ಉದ್ಯಮದಲ್ಲಿ ಹಳೆಯದು. ಜಪಾನಿನ ಫುಕುಯಿಯಲ್ಲಿ 1889ರಲ್ಲಿ ಹುಟ್ಟಿದ ಸೈರೆನ್ ಎಂಬ ಜವಳಿ ಸಂಸ್ಥೆಯ ಹೆಸರಿಗೇ ನೂಲಿನ ಅಂಟು ತೆಗೆಯುವ ಕೆಲಸ ಎಂಬ ಅರ್ಥವಿದೆ. ಅಂಟು ತೆಗೆದ ನೀರಿನಲ್ಲಿ ಕೈಯಾಡಿಸುವ ಕೆಲಸಗಾರರ ಕೈ ನುಣುಪಾಗಿರುತ್ತಿತ್ತು ಎಂಬ ಮಾತು ಅದರ ಸೆರಿಸಿನ್ ಸಾಮಗ್ರಿಗಳ ಹಿನ್ನೆಲೆಯಾಗಿ ಪ್ರಚಾರದಲ್ಲಿದೆ. ಗೂಡಿನಿಂದ ನೂಲು ತೆಗೆಯುವ ನಮ್ಮ ಬಿಚ್ಚಾಣಿಕೆ ಕಸುಬನ್ನು ಬಲ್ಲವರು ಈ ಕಥೆಗೆ ತಲೆದೂಗುವ ಮುನ್ನ ಒಂದು ಗಳಿಗೆ ನಿಲ್ಲಬೇಕು. ಕರ್ನಾಟಕದಲ್ಲಿ ನೂಲು ಬಿಚ್ಚುವ ಚರಕ ಮತ್ತು ಕಾಟೇಜ್ ಬೇಸಿನ್‌ಗಳಲ್ಲಿ ಕುದಿನೀರಿನ ಗೂಡುಗಳಿಗೆ ದಿನವಿಡೀ ಕೈಯದ್ದುವವರ ಬೆರಳುಗಳು ನುಣುಪಾದದ್ದಕ್ಕಿಂತ ಸುಲಿದು ಗುಳ್ಳೆಯೆದ್ದದ್ದೇ ದಾಖಲಾಗಿದೆ. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಬಾಲಕಾರ್ಮಿಕರ ಬಗ್ಗೆ ತಂದ ವರದಿಯಲ್ಲೂ ಇಂಥ ಕೈಗಳ ಪ್ರಸ್ತಾಪವಿದೆ. ಅದೇ ಸೆರಿಸಿನ್, ಆದರೆ ಬಿಸಿ ಬೇರೆ, ಹೊತ್ತು ಬೇರೆ, ನೀರಿನ ಕೊಳೆ ಬೇರೆ. ನುಣುಪಾದ ಕೈಯ ಕಥೆ ಸೆರಿಸಿನ್ ಪರವಾದ ಪುರಾವೆಯಾದರೆ ಸುಲಿದ ಕೈ ಅದಕ್ಕೆ ವಿರುದ್ಧವಾದ ಪುರಾವೆಯಾಗಬೇಕಾಗುತ್ತದೆ. ಎರಡೂ ಆಗುವುದಿಲ್ಲ, ಪರಿಸ್ಥಿತಿ ಹೇಳದ ಅನುಭವದಿಂದ ವಸ್ತುವಿನ ಗುಣ ತಿಳಿಯದು. ನೂಲು ಬಿಚ್ಚುವ ಕಾರ್ಖಾನೆಗಳಾದ ಫಿಲೇಚರ್‌ಗಳಲ್ಲಿ ಗೂಡಿನ ದೂಳು, ಹುಳುವಿನ ಚೂರುಗಳಿಂದ ಉಬ್ಬಸ ಬರುವುದನ್ನೂ ವೈದ್ಯ ಸಾಹಿತ್ಯ 1980ರ ದಶಕದಿಂದ ದಾಖಲಿಸಿದೆ. ಶುದ್ಧೀಕರಿಸಿ ಶ್ಯಾಂಪೂವಿಗೆ ಹಾಕಿದ ಪ್ರೋಟೀನಿನ ಮೇಲೆ ಆ ದೋಷವನ್ನೂ ಹಾಗೆಯೇ ಹೊರಿಸಲಾಗದು. ಅಮೆರಿಕದ ಕಾಸ್ಮೆಟಿಕ್ ಇಂಗ್ರೀಡಿಯಂಟ್ ರಿವ್ಯೂ ತಜ್ಞರ ಸಮಿತಿ ರೇಷ್ಮೆ ಪ್ರೋಟೀನಿನ ಸಾಮಗ್ರಿಗಳನ್ನು ಈಗಿನ ಬಳಕೆಯ ಪ್ರಮಾಣದಲ್ಲಿ ಸುರಕ್ಷಿತವೆಂದೇ ಹೇಳಿದೆ. ಸುರಕ್ಷಿತ ಎಂಬುದಕ್ಕೂ ಫಲಕಾರಿ ಎಂಬುದಕ್ಕೂ ನಡುವೆ ದೊಡ್ಡ ಕಂದಕವಿದೆ ಎಂಬುದನ್ನು ಮಾತ್ರ ಮರೆಯಬಾರದು.

ಭಾರತದ ಕಾನೂನು ಈ ಕಂದಕವನ್ನು ಗುರುತಿಸಿದೆ. 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯಿದೆಯಲ್ಲಿ ಸ್ವಚ್ಛಗೊಳಿಸಲು, ಅಂದ ಹೆಚ್ಚಿಸಲು, ತೋರಿಕೆ ಬದಲಿಸಲು ಹಚ್ಚುವುದು ಸೌಂದರ್ಯ ಸಾಧನ. ರೋಗ ಗುಣಪಡಿಸುತ್ತೇನೆಂದ ಕೂಡಲೇ ಅದು ಔಷಧದ ಸಾಲಿಗೆ ಬರುತ್ತದೆ. 2020ರ ಸೌಂದರ್ಯ ಸಾಧನ ನಿಯಮಗಳು ಒಂದು ಕಡೆ, 2017ರ ವೈದ್ಯಕೀಯ ಸಾಧನ ನಿಯಮಗಳು ಇನ್ನೊಂದು ಕಡೆ. ಒಂದೇ ಗೂಡಿನ ಅಂಟು ಕ್ರೀಮಾದರೆ ಒಂದು ಬಾಗಿಲು, ಗಾಯದ ಪಟ್ಟಿಯಾದರೆ ಇನ್ನೊಂದು.

ವೈದ್ಯಕೀಯದಲ್ಲಿ ರೇಷ್ಮೆ ಹೊಸಬನಲ್ಲ. 19ನೇ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಖರ್, ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಇಬ್ಬರೂ ಪ್ರಾಣಿಯ ಕರುಳಿನ ದಾರಕ್ಕಿಂತ ರೇಷ್ಮೆಯೇ ಮೇಲೆಂದು ವಾದಿಸಿದರು. ಇಂದಿಗೂ ಹೊಲಿಗೆ ದಾರಗಳ ಪಟ್ಟಿಯಲ್ಲಿ ರೇಷ್ಮೆ ಕರಗದ ದಾರವೆಂಬ ಗುಂಪಿನಲ್ಲಿದೆ. ವಾಸ್ತವದಲ್ಲಿ ದೇಹದೊಳಗೆ ಉಳಿದ ರೇಷ್ಮೆ ಒಂದು ವರ್ಷದ ಹೊತ್ತಿಗೆ ಬಹುಪಾಲು ಬಲ ಕಳೆದುಕೊಂಡು, ಎರಡು ವರ್ಷದಲ್ಲಿ ಹುಡುಕಿದರೂ ಸಿಗದಂತಾಗುತ್ತದೆ. ದೇಹದ ಕಿಣ್ವಗಳು ಅದನ್ನು ನಿಧಾನವಾಗಿ ಅರಗಿಸುತ್ತವೆ. ಈ ನಿಧಾನವೇ ಮುಂದೆ ಸಂಶೋಧಕರನ್ನು ಸೆಳೆದದ್ದು. ಆದರೆ ನಡುವೆ ಒಂದು ಕೆಟ್ಟ ಹೆಸರೂ ಬಂತು. ಅಂಟು ಪೂರ್ತಿ ತೆಗೆಯದ ರೇಷ್ಮೆ ದಾರ ಕೆಲವರಲ್ಲಿ ಉರಿಯೂತ, ಅಲರ್ಜಿ ತಂದಿತು. ಸೆರಿಸಿನ್ ದೇಹಕ್ಕೆ ಆಗದು ಎಂಬ ತೀರ್ಮಾನ ದಶಕಗಟ್ಟಲೆ ಪಠ್ಯಗಳಲ್ಲಿ ಉಳಿಯಿತು. 2003ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಗುಂಪು ದೇಹದ ರಕ್ಷಣಾ ಜೀವಕೋಶಗಳಾದ ಮ್ಯಾಕ್ರೋಫೇಜ್‌ಗಳ ಮೇಲೆ ಇದನ್ನು ಪರೀಕ್ಷಿಸಿದಾಗ ಕಂಡದ್ದು ಬೇರೆ. ಕರಗಿದ ಸೆರಿಸಿನ್ ಒಂಟಿಯಾಗಿ ಆ ಜೀವಕೋಶಗಳನ್ನು ಕೆರಳಿಸಲಿಲ್ಲ; ಬ್ಯಾಕ್ಟೀರಿಯಾದ ಹೊರಪೊರೆಯ ಅಂಶವೊಂದು ಜೊತೆ ಸೇರಿದಾಗ ಉರಿಯೂತ ಹೆಚ್ಚಿತು. ಅಪರಾಧಿ ಅಂಟೆಂದು ಹೇಳುವುದಕ್ಕಿಂತ ಅಂಟು, ಎಳೆ, ಕೊಳೆ ಮೂರೂ ಸೇರಿದ ರೂಪವೆಂದು ಹೇಳುವುದು ಪುರಾವೆಗೆ ಹತ್ತಿರ.

ಫೈಬ್ರೋಯಿನ್‌ನ ವೈದ್ಯಕೀಯ ಬೆಲೆ ಇರುವುದು ಅದನ್ನು ಬೇಕಾದ ಆಕಾರಕ್ಕೆ ತರಬಹುದು ಎಂಬುದರಲ್ಲಿ. ನೀರಿನಲ್ಲಿ ಕರಗಿದ ಫೈಬ್ರೋಯಿನನ್ನು ಒಣಗಿಸಿದರೆ ತೆಳು ಹಾಳೆ, ಹೆಪ್ಪುಗಟ್ಟಿಸಿದರೆ ಜೆಲ್, ಉಪ್ಪಿನ ಹರಳು ಬೆರೆಸಿ ಆಮೇಲೆ ತೊಳೆದು ತೆಗೆದರೆ ರಂಧ್ರಗಳ ಸ್ಪಂಜು. ಮೆಥನಾಲ್ ಅಥವಾ ನೀರಾವಿ ತಾಗಿಸಿದರೆ ಬೀಟಾ ಹಾಳೆಗಳು ಹೆಚ್ಚಿ ಮತ್ತೆ ಕರಗದಂತಾಗುತ್ತದೆ. ಈ ಹಾಳೆಗಳ ಪ್ರಮಾಣವನ್ನು ಹಿಡಿತದಲ್ಲಿಟ್ಟರೆ ದೇಹದಲ್ಲಿ ಅದು ವಾರಗಳಲ್ಲಿ ಕರಗಬೇಕೋ ತಿಂಗಳುಗಳಲ್ಲೋ ಎಂಬುದನ್ನೂ ಹಿಡಿತದಲ್ಲಿಡಬಹುದು. ಟಫ್ಟ್ಸ್‌ನ ಡೇವಿಡ್ ಕ್ಯಾಪ್ಲಾನ್ ಮತ್ತು ಸಂಗಡಿಗರು ಮಂಡಿಯ ಅಸ್ಥಿರಜ್ಜುವಿನಿಂದ ಹಿಡಿದು ಮೆದುಳಿನ ಮೇಲೆ ಕೂರುವ ಎಲೆಕ್ಟ್ರಾನಿಕ್ ಪೊರೆಯವರೆಗೆ ಇದನ್ನು ಪ್ರಯೋಗಿಸಿದ್ದಾರೆ. 2012ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಯನ್ನು ರೇಷ್ಮೆಯ ಹಾಳೆಯಲ್ಲಿ ಕೂರಿಸಿ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ತಿಂಗಳಿಟ್ಟರೂ ಬಹುಪಾಲು ಶಕ್ತಿ ಉಳಿದಿತ್ತು. ಕರೆಂಟು ಕೈಕೊಡುವ ಹಳ್ಳಿಯ ಉಪಕೇಂದ್ರಗಳನ್ನು ನೆನೆದರೆ ಇದರ ಮಹತ್ವ ವಿವರಿಸಬೇಕಿಲ್ಲ. ಆದರೂ ಇದು ಪ್ರಯೋಗಾಲಯದ ಫಲ, ಉಪಕೇಂದ್ರದ ಫ್ರಿಜ್ಜಿಗೆ ಬದಲಿ ಇನ್ನೂ ಬಂದಿಲ್ಲ. ಮಾರುಕಟ್ಟೆಗೆ ಬಂದವುಗಳಲ್ಲಿ ಸೆರಿ ಎಂಬ ಹೆಣೆದ ರೇಷ್ಮೆ ಜಾಲರಿಗೆ ಮೃದು ಅಂಗಾಂಶದ ಆಸರೆಯಾಗಿ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ ಅನುಮತಿ ಕೊಟ್ಟಿತು. ಅನುಮತಿಯಿಲ್ಲದ ಸ್ತನ ಶಸ್ತ್ರಚಿಕಿತ್ಸೆಗೂ ಅದನ್ನು ಪ್ರಚಾರ ಮಾಡಿದ್ದಕ್ಕೆ 2015ರಲ್ಲಿ ಅದೇ ಎಫ್‌ಡಿಎ ಎಚ್ಚರಿಕೆ ಪತ್ರ ಬರೆಯಿತು. ವಸ್ತು ಅದೇ, ಜಾಲರಿ ಅದೇ; ಬಳಕೆ ಬದಲಾದ ಮಾತ್ರಕ್ಕೆ ಹಳೆಯ ಪುರಾವೆ ಸಾಲದಾಯಿತು.

ಸೆರಿಸಿನ್ ಕಡೆ ಅತ್ಯಂತ ಉಪಯುಕ್ತವಾದ ಸಾಕ್ಷ್ಯ ಥಾಯ್ಲೆಂಡಿನಿಂದ ಬಂದಿದೆ. ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಪೋರ್ನಾನಾಂಗ್ ಅರಾಮ್ವಿಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 29 ರೋಗಿಗಳ 65 ಸುಟ್ಟಗಾಯಗಳಿಗೆ ಬೆಳ್ಳಿ-ಸತು ಸಲ್ಫಡಯಾಜಿನ್ ಮುಲಾಮನ್ನು ಸೆರಿಸಿನ್ ಬೆರೆಸಿ ಮತ್ತು ಬೆರೆಸದೆ ಹಚ್ಚಿ ನೋಡಲಾಯಿತು. ಬೆರೆಸದ ಗಾಯಗಳು ಮಾಗಲು ಸರಾಸರಿ 29 ದಿನ ಹಿಡಿದರೆ ಬೆರೆಸಿದವು 22 ದಿನಗಳಲ್ಲಿ ಮಾಗಿದವು. ಭಾರತದಲ್ಲಿ ಐಐಟಿ ಖರಗ್‌ಪುರದಲ್ಲಿ ಸುಭಾಸ್ ಕುಂಡು ಅವರ ಗುಂಪು ಎರಡೂ ಪ್ರೋಟೀನುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಿಂದ ಕವಲೊಡೆದ ಸೆರಿಜೆನ್ ಫೈಬ್ರೋಯಿನ್ನಿನ ಮೂಳೆ ಹಂದರಗಳನ್ನೂ, ಬೆಂಗಳೂರಿನ ಫೈಬ್ರೋಹೀಲ್ ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿಗಳನ್ನೂ ಕೈಗೆತ್ತಿಕೊಂಡಿವೆ. 29 ಜನರ ಪರೀಕ್ಷೆ ಚಿಕ್ಕದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಅಲ್ಲಿ ಬಳಸಿದ್ದು ಏನು, ಎಷ್ಟು, ಯಾವ ಗಾಯಕ್ಕೆ ಎಂಬುದು ಗೊತ್ತಿದೆ. ಅದೇ ಫಲವನ್ನು ತೋರಿಸಿ ಮೊಡವೆಯ ಮುಲಾಮು ಮಾರಿದರೆ ಅದು ಚಿಕ್ಕ ಪುರಾವೆಯೂ ಆಗುವುದಿಲ್ಲ.

ಕೊಲ್ಲಾಜೆನ್ ಇರುವಾಗ ಹುಳುವಿನ ಪ್ರೋಟೀನು ಯಾಕೆ ಬೇಕು ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳುವಂತಿಲ್ಲ. ಕೊಲ್ಲಾಜೆನ್ ನಮ್ಮದೇ ಮೈಯ ಪ್ರೋಟೀನು, ಜೀವಕೋಶಗಳು ಅದನ್ನು ಗುರುತಿಸಿ ಅಂಟಿಕೊಳ್ಳುತ್ತವೆ. ಜೀವಕೋಶ ಅಂಟಿಕೊಳ್ಳಲು ಬೇಕಾದ ಅರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲಗಳ ಸರದಿ ಮೂಗಾ ಮತ್ತು ಟಸಾರ್ ರೇಷ್ಮೆಯಲ್ಲಿದೆ. ನಮ್ಮ ಹಿಪ್ಪುನೇರಳೆ ರೇಷ್ಮೆಯಲ್ಲಿ ಇಲ್ಲ. ಮೈಸೂರು ಸೀಮೆಯ ಅಭಿಮಾನ ಇದನ್ನು ಒಪ್ಪಿಕೊಳ್ಳಬೇಕು. ಇನ್ನೊಂದು ತಟ್ಟೆಯಲ್ಲಿ ಬೇರೆ ತೂಕಗಳಿವೆ. ಕೊಲ್ಲಾಜೆನ್ ಬಹುಮಟ್ಟಿಗೆ ದನ, ಹಂದಿ, ಮೀನುಗಳಿಂದ ಬರುತ್ತದೆ, ದೇಹದಲ್ಲಿ ಬೇಗ ಕರಗುತ್ತದೆ, ಭಾರ ಹೊರುವ ಕಡೆ ಸೋಲುತ್ತದೆ. ಹೆಚ್ಚು ಕಾಲ ಬಲವಾಗಿ ನಿಲ್ಲಬೇಕಾದಲ್ಲಿ ರೇಷ್ಮೆ, ಜೀವಕೋಶಗಳನ್ನು ಬೇಗ ಕರೆಯಬೇಕಾದಲ್ಲಿ ಕೊಲ್ಲಾಜೆನ್ ಎಂದು ಹಂಚಿಕೊಂಡರೆ ಜಗಳವಿಲ್ಲ. ಎರಡನ್ನೂ ಬೆರೆಸುವ ಪ್ರಯತ್ನಗಳೂ ಸಾಕಷ್ಟು ನಡೆದಿವೆ.

ಹಿಂಸೆಯ ಆಕ್ಷೇಪ ಇನ್ನೂ ಆಳದ್ದು, ಬೆಳ್ಳೂರಿನಿಂದ ಬಹು ದೂರವಿಲ್ಲದ ಕಂಬದಹಳ್ಳಿಯ ಬಸದಿಗಳನ್ನು ಕಟ್ಟಿದ ನಾಡಿನಲ್ಲಿ ಅದನ್ನು ಕೇಳಿಸಿಕೊಳ್ಳಲೇಬೇಕು. ಎಳೆ ತುಂಡಾಗದಂತೆ ಬಿಚ್ಚಬೇಕಾದರೆ ಚಿಟ್ಟೆ ಗೂಡು ಕೊರೆಯುವ ಮೊದಲೇ ಒಳಗಿನ ಹುಳುವನ್ನು ಬಿಸಿಯಲ್ಲಿ ಕೊಲ್ಲಬೇಕು. ಮಡಿ ಪಟ್ಟೆಯೂ ಹೀಗೆಯೇ ಬಂದದ್ದು ಎಂಬುದು ಬೇರೆ ಮಾತು. ವೈದ್ಯಕೀಯ ಬಳಕೆಗೆ ಮಾತ್ರ ಇಲ್ಲಿ ಒಂದು ಬಿಡುಗಡೆಯಿದೆ. ಗೂಡನ್ನು ಕರಗಿಸುವವರಿಗೆ ಎಳೆಯ ಉದ್ದ ಬೇಕಿಲ್ಲ. ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಗಾಗಿ ಚಿಟ್ಟೆಯನ್ನು ಹೊರಬರಲು ಬಿಡುತ್ತಾರೆ. ಅಲ್ಲಿ ಉಳಿಯುವ ತೂತಾದ ಗೂಡು ಬಿಚ್ಚಾಣಿಕೆದಾರನಿಗೆ ಬೇಡದ್ದು, ಪ್ರಯೋಗಾಲಯಕ್ಕೆ ಸಾಕಾದದ್ದು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅಲ್ಲಿಯೂ ಗಂಟುರೋಗದ ಪರೀಕ್ಷೆಗಾಗಿ ಅರೆಯುವುದರಿಂದ ಹಿಂಸೆ ಪೂರ್ತಿ ಇಲ್ಲವೆನ್ನಲಾಗದು. ಆದರೆ ಪ್ರೋಟೀನಿಗಾಗಿ ಹೊಸದಾಗಿ ಕೊಲ್ಲಬೇಕಿಲ್ಲ.

ಹೀಗಾದರೆ ರೈತನಿಗೆ ಲಾಭವೇನು ಎಂಬಲ್ಲಿ ಉತ್ಸಾಹ ಲೆಕ್ಕವನ್ನು ಮೀರುವುದುಂಟು. ನೂರು ಕಿಲೋ ಕಚ್ಚಾ ರೇಷ್ಮೆಯ ಅಂಟು ತೆಗೆದರೆ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ಸೆರಿಸಿನ್ ಚರಂಡಿಗೆ ಹೋಗುತ್ತದೆ ಎಂಬುದು ನಿಜ. ಆದರೆ ಅದು ಸೋಪು, ಸೋಡಾಗಳ ಜೊತೆ ಬೆರೆತು ಹೋಗುತ್ತದೆ. ಬೇರ್ಪಡಿಸುವ ಖರ್ಚು ಸಿಗುವ ಬೆಲೆಯನ್ನು ನುಂಗಬಹುದು. ರಾಸಾಯನಿಕವಿಲ್ಲದೆ ಒತ್ತಡದ ಬಿಸಿನೀರಿನಲ್ಲಿ ಅಂಟು ಬಿಡಿಸುವ ವಿಧಾನವಿದೆ, ಅದಕ್ಕೆ ಸಣ್ಣ ಘಟಕಗಳ ಬಳಿ ಇಲ್ಲದ ಯಂತ್ರ ಬೇಕು. ಸಾಕಣೆ ಮನೆಯಲ್ಲಿ ಸುಣ್ಣಕಟ್ಟು, ಹಾಲುತೊಂಡೆ ರೋಗಗಳನ್ನು ತಡೆಯಲು ಉದುರಿಸುವ ಸುಣ್ಣ, ಸೋಂಕುನಿವಾರಕಗಳ ದಾಖಲೆ ಸೀರೆಯ ನೂಲಿಗೆ ಬೇಕಿಲ್ಲ. ಗಾಯದೊಳಗೆ ಇಡುವ ಪಟ್ಟಿಗೆ ಬೇಕು. ಇಂದು ಮಾರುಕಟ್ಟೆಯಲ್ಲಿ ದ್ವಿತಳಿ ಗೂಡಿಗೆ ಮಿಶ್ರತಳಿಗಿಂತ ಹೆಚ್ಚು ಬೆಲೆ ಸಿಗುವುದು ಎಳೆಯ ಉದ್ದ, ಬಣ್ಣ, ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕೆಂಬ ಲೆಕ್ಕದ ಮೇಲೆ. ಪ್ರೋಟೀನು ಕೊಳ್ಳುವವನು ಕೇಳುವ ಪ್ರಶ್ನೆಗಳು ಬೇರೆ: ಈ ಗೂಡು ಯಾವ ತಳಿಯದು, ಎಷ್ಟು ಬಿಸಿಯಲ್ಲಿ ಒಣಗಿಸಿದ್ದು, ಎಷ್ಟು ದಿನ ಕೂಡಿಟ್ಟದ್ದು, ಮನೆಯಲ್ಲಿ ಏನು ಸಿಂಪಡಿಸಿದ್ದು. ಹರಾಜಿನ ತಟ್ಟೆಯ ಮುಂದೆ ನಿಂತು ಗೂಡನ್ನು ಅದುಮಿ, ಕಿವಿಯ ಬಳಿ ಅಲ್ಲಾಡಿಸಿ ಬೆಲೆ ಕಟ್ಟುವ ಕೈಗೆ ಇವುಗಳಲ್ಲಿ ಒಂದರ ಉತ್ತರವೂ ಸಿಗುವುದಿಲ್ಲ.